ಆ್ಯಪ್ ಮುಚ್ಚಿದರೂ ಎಕ್ಸ್‌ಆರ್ಗ್ ಮೆಮೊರಿ ಯಾಕೆ ಇಳಿಯಲ್ಲ?

ಲಿನಕ್ಸ್‌ನಲ್ಲಿ ಫೋಟೊ ಆ್ಯಪ್ ಮುಚ್ಚಿದ ಮೇಲೂ ಎಕ್ಸ್‌ಆರ್ಗ್ (ಆ್ಯಪ್‌ಗಳ ಚಿತ್ರವನ್ನು ಪರದೆಗೆ ತರುವ ಸರ್ವರ್) 400 ಎಂಬಿ ಹಿಡಿದುಕೊಂಡೇ ಇದೆ, ಇದು ಲೀಕ್ (ಬೇಡವಾದ ಮೆಮೊರಿಯನ್ನು ಬಿಡದೆ ಕೂಡಿಸಿಕೊಳ್ಳುವ ದೋಷ) ಅಲ್ವಾ ಎಂದು ಕೇಳಿದ್ದೀರಿ. ಹೆಚ್ಚಿನ ಸಲ ಅಲ್ಲ.

ಎಕ್ಸ್‌ಆರ್ಗ್ ಹಿಡಿದಿರುವುದರಲ್ಲಿ ಬಹುಪಾಲು ಆ್ಯಪ್‌ಗಳ ಸಾಮಾನೇ. ಅವು ಕೊಟ್ಟ ಚಿತ್ರಗಳನ್ನು ಪಿಕ್ಸ್‌ಮ್ಯಾಪ್ ಆಗಿ, ಅಂದರೆ ಪಿಕ್ಸೆಲ್ ಪಿಕ್ಸೆಲ್ ಆಗಿ ಮೆಮೊರಿಯಲ್ಲಿ, ಇಟ್ಟುಕೊಂಡಿರುತ್ತದೆ. 1920×1080ರ ಒಂದು ಚಿತ್ರಕ್ಕೆ, ಪಿಕ್ಸೆಲ್‌ಗೆ 4 ಬೈಟ್‌ನಂತೆ, ಸುಮಾರು 8 ಎಂಬಿ. ಆ್ಯಪ್‌ನ ಸಂಪರ್ಕ ಕಡಿದ ಕೂಡಲೇ, ಉಳಿಸಿಕೋ ಎಂದು ಅದು ಹೇಳಿರದಿದ್ದರೆ, ಸರ್ವರ್ ಅದನ್ನೆಲ್ಲ ಬಿಟ್ಟುಬಿಡುತ್ತದೆ.

ಆದರೆ ಬಿಟ್ಟದ್ದೆಲ್ಲ ಕರ್ನಲ್‌ಗೆ, ಅಂದರೆ ಮೆಮೊರಿ ಕೊಡುವ ಲಿನಕ್ಸ್‌ನ ತಿರುಳಿಗೆ, ವಾಪಸ್ ಹೋಗಲ್ಲ. ನಮ್ಮ ಸೋಮವಾರಪೇಟೆ ಕಡೆ ಬಾಡಿಗೆ ಗೋಡೌನ್‌ನಲ್ಲಿ ಕಾಫಿ ಮೂಟೆ ಜೋಡಿಸಿಡುತ್ತೇವಲ್ಲ, ಹಾಗೆ. ನಡುವಿನ ಮೂಟೆ ತೆಗೆದರೆ ಜಾಗ ಖಾಲಿಯಾಗುತ್ತದೆ, ಹೊಸ ಮೂಟೆ ಅಲ್ಲೇ ಇಡಬಹುದು. ಬಾಗಿಲ ಕಡೆ ಮೂಟೆ ಇರುವಾಗ ಗೋಡೌನ್ ಬಿಟ್ಟುಕೊಡಲು ಆಗಲ್ಲ. ಪ್ರೋಗ್ರಾಮ್‌ಗಳಿಗೆ ಮೆಮೊರಿ ಹಂಚುವ ಲೈಬ್ರರಿ ಜಿಲಿಬ್‌ಸಿ, ಅದರ ಹೀಪ್ (ಹಂಚಲು ಇಟ್ಟುಕೊಂಡ ಮೆಮೊರಿ) ಕೂಡ ಸಾಮಾನ್ಯವಾಗಿ ತುದಿಯಿಂದಲೇ ಕುಗ್ಗುತ್ತದೆ. ದೊಡ್ಡ ತುಂಡುಗಳನ್ನು ಮಾತ್ರ, ಮೊದಲಿಗೆ 128 ಕೆಬಿ ಮತ್ತು ಮೇಲಿನವನ್ನು, ಬೇರೆಯಾಗಿ ಪಡೆದು ನೇರ ಹಿಂತಿರುಗಿಸುತ್ತದೆ. ಅಂಥದ್ದೊಂದನ್ನು ಬಿಟ್ಟಾಗ ಈ ಮಿತಿ ತಾನೇ ಏರುತ್ತದೆ, 64 ಬಿಟ್‌ನಲ್ಲಿ 32 ಎಂಬಿವರೆಗೂ. ಹಾಗಾಗಿ ದೊಡ್ಡ ಚಿತ್ರವೂ ಆಮೇಲೆ ಹೀಪ್‌ನಲ್ಲೇ ಕೂರಬಹುದು.

ಅನುಮಾನವಿದ್ದರೆ ಎಕ್ಸ್‌ರೆಸ್‌ಟಾಪ್ ಎಂಬ ಪ್ರೋಗ್ರಾಮ್ ಓಡಿಸಿ, ಯಾವ ಆ್ಯಪ್‌ನ ಪಿಕ್ಸ್‌ಮ್ಯಾಪ್ ಎಷ್ಟು ಎಂದು ಸಾಲಾಗಿ ತೋರಿಸುತ್ತದೆ. ನಮ್ಮ ತೋಟದ ಆಫೀಸಿನ ಕಂಪ್ಯೂಟರಲ್ಲಿ ಪ್ಯಾನೆಲ್‌ನ ಹವಾಮಾನದ ಐಕಾನ್ ಒಂದರ ಲೆಕ್ಕ ಮಾತ್ರ ಗಂಟೆ ಗಂಟೆಗೂ ಏರುತ್ತಿತ್ತು. ಅದನ್ನು ಮುಚ್ಚಿದೆ, ಏರಿಕೆ ನಿಂತಿತು. ನಿಜವಾದ ಲೀಕ್ ಅಂದರೆ ಅದು, ಮತ್ತು ತಪ್ಪು ಆ ಆ್ಯಪ್‌ದು.