ಜನ ದುಡ್ಡು ಖರ್ಚು ಮಾಡಿ ಊರೂರು ಸುತ್ತೋದು ಯಾಕೆ? ಮನಸ್ಸಿಗೆ ನಿಜವಾಗ್ಲೂ ಲಾಭ ಇದೆಯಾ?

ಪ್ರಶ್ನೆಗಿಂತ ಅದರ ಕೆಳಗೆ ನೀವು ಬರೆದಿರೋ ವಿವರ ನನಗೆ ಮುಖ್ಯ ಅನ್ನಿಸಿತು. ಮೈಸೂರಲ್ಲಿ ಸಾಫ್ಟ್‌ವೇರ್ ಕೆಲಸ, ವರ್ಷಕ್ಕೆ ಒಂದೆರಡು ಸಲ ಗೋವಾನೋ ಊಟಿನೋ ಹೋಗಿ ಬರ್ತೀರಿ, ಬಂದ ಮಾರನೇ ದಿನಕ್ಕೇ ಮೊದಲಿನ ಹಾಗೇ ಆಗ್ತೀರಿ. ಅಮ್ಮ "ದಂಡ ಕಣೋ" ಅಂತಾರೆ. ಹಾಗಾದ್ರೆ ಇದೆಲ್ಲ ಬರೀ ಫೋಟೋಗಾ ಅಂತ ಕೇಳಿದ್ದೀರಿ.

ಫೋಟೋಗೂ ಹೌದು, ಅದರಲ್ಲೇನು ಮುಚ್ಚುಮರೆ. ಆದರೆ ಅಷ್ಟಕ್ಕೇ ಆಗಿದ್ದರೆ ನಮ್ಮ ಕಸುಬು ಯಾವತ್ತೋ ಮುಳುಗಿರೋದು. ನಾನು ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಮನಃಶಾಸ್ತ್ರ ಓದಿ, ಈಗ ಮಂಡ್ಯದಲ್ಲಿ ಮನೆಯವರ ಟೆಂಪೋ ಟ್ರಾವೆಲರ್ ವ್ಯವಹಾರ ನೋಡ್ಕೊಳ್ತಿರೋನು. ಓದಿದ್ದು ವೇಸ್ಟ್ ಆಯ್ತು ಅಂತ ನೆಂಟರು ಹೇಳ್ತಾರೆ, ನನಗೆ ಹಾಗನ್ನಿಸಿಲ್ಲ.

ಇಷ್ಟು ಜನರನ್ನು ಕೂರಿಸ್ಕೊಂಡು ಓಡಾಡಿದ ಮೇಲೆ ನನಗೆ ಗಟ್ಟಿಯಾಗಿರೋ ಅಭಿಪ್ರಾಯ ಇದು: ಹೊಸದು ನೋಡೋ ಆಸೆ ಎಲ್ಲರಿಗೂ ಇರುತ್ತೆ, ಆದರೆ ಮನಸ್ಸಿಗೆ ಲಾಭ ಆಗೋದು ಮನೆಯಲ್ಲಿ ಹೊತ್ತಿರೋ ಹೊರೆಯನ್ನು ಎರಡು ದಿನದ ಮಟ್ಟಿಗಾದರೂ ಇನ್ನೊಬ್ಬರ ಕೈಗೆ ಕೊಟ್ಟು ಹೊರಡೋರಿಗೆ. ಹೊರೆ ಸಮೇತ ಗಾಡಿ ಹತ್ತೋರಿಗೆ ಸುಸ್ತು, ಖರ್ಚು, ಫೋಟೋ.

ಮಂಡ್ಯ ಕಡೆ ಒಂದು ಮನೆಯೋರೆಲ್ಲ ಒಟ್ಟಿಗೆ ಊರು ಬಿಡೋದು ಎಷ್ಟು ಕಷ್ಟ ಅಂತ ಸಿಟಿಯೋರಿಗೆ ಅಂದಾಜಿರಲ್ಲ. ಕಾರಣ ಹಸು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹಾಲು ಕರೆದು ಡೈರಿಗೆ ಹಾಕಲೇಬೇಕು, ಹಸು ಯಾರಿಗೂ ರಜಾ ಕೊಡಲ್ಲ. ಟೂರ್ ಬುಕ್ ಮಾಡೋಕೆ ಬಂದೋರು ರೇಟು ಕೇಳೋಕೆ ಮುಂಚೆ ತಮ್ಮ ತಮ್ಮಲ್ಲೇ ಮಾತಾಡ್ಕೊಳ್ಳೋದು ಹಾಲು ಕರೆಯೋಕೆ ಯಾರು ಒಪ್ಪಿದ್ದಾರೆ ಅಂತ. ಭತ್ತ ಮನೆ ಸೇರಿರಬೇಕು, ಕಬ್ಬಿನ ಬಿಲ್ ಕೈಗೆ ಬಂದಿರಬೇಕು, ಅತ್ತೆನೋ ನಾದಿನಿನೋ "ಹೋಗ್ಬಾ, ನಾನು ನೋಡ್ಕತೀನಿ" ಅಂದಿರಬೇಕು. ಇಷ್ಟೆಲ್ಲ ಕೂಡಿಬಂದ ಮೇಲೇ ಬೆಳಗಿನ ಜಾವ ಗಾಡಿ ಚಕ್ರಕ್ಕೆ ನಿಂಬೆಹಣ್ಣು ಇಡೋದು.

ಧರ್ಮಸ್ಥಳಕ್ಕೆ ನಾವು ಹೋಗೋ ದಾರಿ ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಅಲ್ಲಿಂದ ಚಾರ್ಮಾಡಿ ಘಾಟಿ. ಹಾಸನ ದಾಟೋವರೆಗೂ ಗಾಡಿ ಒಳಗೆ ಫೋನೋ ಫೋನು. "ಹಿಂಡಿ ನೆನೆ ಹಾಕ್ದಾ?" "ಕರ ಬುಟ್ಟುಬುಟ್ಟೀಯ, ಜ್ವಾಪಾನ." "ಮೋಟ್ರು ಆಫ್ ಮಾಡು ಅಂದ್ರೆ ಮಾಡಲ್ಲ ಇವ್ನು." ಘಾಟಿಯಲ್ಲಿ ಸಿಗ್ನಲ್ ಹೋಗುತ್ತೆ. ಒಂದಿಬ್ಬರು ಫೋನನ್ನ ಕಿಟಕಿ ಹತ್ರ ಎತ್ತಿ ಹಿಡಿದು ನೋಡ್ತಾರೆ, "ಹಲೋ, ಹಲೋ" ಅಂತಾರೆ, ಬೈಕೊಂಡು ಸೊಂಟಕ್ಕೆ ಸಿಕ್ಕಿಸ್ತಾರೆ. ಸ್ವಲ್ಪ ಹೊತ್ತು ಯಾರೂ ಮಾತಾಡಲ್ಲ. ಆಮೇಲೆ ಹಿಂದಿನ ಸೀಟಿಂದ ಯಾರೋ ಸೋಬಾನೆ ಪದ ಎತ್ಕೊಳ್ತಾರೆ, ಡ್ರೈವರ್ ತಾನಾಗೇ ಟೇಪ್ ಆಫ್ ಮಾಡ್ತಾನೆ. ಹೊರಗಡೆ ಮಂಜು, ಪ್ರಪಾತ, ಝರಿ ಎಲ್ಲ ಇರುತ್ತೆ. ಆದರೆ ನಾನು ಕನ್ನಡಿಯಲ್ಲಿ ನೋಡೋ ಪ್ರಕಾರ ಮುಖಗಳು ಸಡಿಲ ಆಗೋದು ಸಿಗ್ನಲ್ ಹೋದಾಗಲೇ. ಮಂಜಿನ ಕಡೆ ಕಣ್ಣು ಹೋಗೋದು ಅದಾದ ಮೇಲೆ.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ರೇಚಲ್ ಕ್ಯಾಪ್ಲನ್, ಸ್ಟೀಫನ್ ಕ್ಯಾಪ್ಲನ್ ಅನ್ನೋ ದಂಪತಿ 1989ರಲ್ಲಿ ಬರೆದ ಪುಸ್ತಕವೊಂದರಲ್ಲಿ ಇದಕ್ಕೆ ಒಳ್ಳೇ ವಿವರಣೆ ಇದೆ. ಲೆಕ್ಕ ಇಡೋದು, ಮಾಡಬೇಕಾದ ಕೆಲಸ ನೆನಪಲ್ಲಿಟ್ಟುಕೊಳ್ಳೋದು, ಅಡ್ಡ ಬರೋದನ್ನೆಲ್ಲ ತಳ್ಳಿ ಒಂದೇ ಕಡೆ ಮನಸ್ಸು ನಿಲ್ಲಿಸೋದು, ಹೀಗೆ ನಾವು ಬಲವಂತವಾಗಿ ಇಡೋ ಗಮನ ದಣಿಯುತ್ತೆ. ದಣಿದರೆ ಸಿಡುಕು, ಮರೆವು, ಸಣ್ಣದಕ್ಕೂ ತಪ್ಪು. ಅದು ಚೇತರಿಸ್ಕೊಳ್ಳೋಕೆ ದಿನದ ಜಂಜಾಟದಿಂದ ದೂರ ಇರಬೇಕು, ಪ್ರಯತ್ನ ಇಲ್ಲದೆ ತಾನಾಗೇ ಕಣ್ಣು ಹಿಡಿಯೋ ಅಂಥದ್ದು ಎದುರಿಗಿರಬೇಕು ಅಂತಾರೆ ಅವರು. ರಂಗನತಿಟ್ಟಿನ ದೋಣಿಯಲ್ಲಿ ಕೂತೋರು ಕೊಕ್ಕರೆ ಗೂಡು ಕಟ್ಟೋದನ್ನ ನೋಡ್ತಾ ಮೈಮರೆಯೋದು ಇದೇ. ದೂರ ಅನ್ನೋದನ್ನ ಕಿಲೋಮೀಟರಲ್ಲಿ ಅಳೆಯೋ ಹಾಗಿಲ್ಲ, ತಲೆ ದೂರ ಹೋಗಬೇಕು. ಗೋವಾದ ಬೀಚಲ್ಲಿ ಕೂತು ಆಫೀಸಿನ ಮೆಸೇಜಿಗೆ ಉತ್ತರ ಕೊಡ್ತಿದ್ದರೆ ನೀವು ಮೈಸೂರಲ್ಲೇ ಇದ್ದೀರಿ.

ಇನ್ನೊಂದು ವಿಷಯ ಹೇಳಲೇಬೇಕು. ನಮ್ಮ ಕಡೆ ಟ್ರಿಪ್ಪು ಎರಡು ಥರ. ಒಂದು, ಅಡುಗೆ ಭಟ್ಟರನ್ನ ಜೊತೇಲಿ ಕರ್ಕೊಂಡು ಹೋಗೋದು. ಇನ್ನೊಂದು, ಗ್ಯಾಸು, ಪಾತ್ರೆ, ಅಕ್ಕಿ, ರಾಗಿಹಿಟ್ಟು ಎಲ್ಲ ಹೇರ್ಕೊಂಡು ಹೋಗಿ ರಸ್ತೆ ಬದಿ ಮನೆ ಹೆಂಗಸರೇ ಬೇಯಿಸಿ ಹಾಕೋದು. ಎರಡನೇದು ಅಗ್ಗ, ಹಾಗಾಗಿ ಅದಕ್ಕೇ ಗಿರಾಕಿ ಜಾಸ್ತಿ. ಗಂಡಸರು ಮರದ ಕೆಳಗೆ ಟವೆಲ್ ಹಾಸಿ ಇಸ್ಪೀಟಿಗೆ ಕೂರ್ತಾರೆ. ಹೆಂಗಸರ ಕೈಯಲ್ಲಿ ಮನೆಯಲ್ಲಿದ್ದ ಅದೇ ಈರುಳ್ಳಿ, ಅದೇ ಮುದ್ದೆ ಕೋಲು. ಊರಿಗೆ ವಾಪಸ್ ಬಂದ ಮೇಲೆ ಗಂಡಸರನ್ನ ಕೇಳಿದರೆ ಟ್ರಿಪ್ಪು ಸಕತ್ತು. ಹೆಂಗಸರು "ಊಂ, ಚೆನ್ನಾಗಿತ್ತು" ಅಂತ ಇಳಿದು ಪಾತ್ರೆ ಎಣಿಸೋಕೆ ನಿಂತ್ಕೊಳ್ತಾರೆ.

ಅದೇ ಹೆಂಗಸರನ್ನ ಧರ್ಮಸ್ಥಳದ ಅನ್ನಪೂರ್ಣ ಛತ್ರದಲ್ಲಿ ನೋಡಬೇಕು. ಪಂಕ್ತಿಯಲ್ಲಿ ಕೂತಿರ್ತಾರೆ, ಯಾರೋ ಅನ್ನ ಬಡಿಸ್ತಾರೆ, ಹಿಂದೇನೇ ಸಾರು ಬರುತ್ತೆ. ಒಬ್ಬಾಕೆ ಅರ್ಧ ಊಟದಲ್ಲಿ ಕೈ ನಿಲ್ಲಿಸಿ ನನಗೆ ಹೇಳಿದ್ದು: "ನಾನು ಬೇಯಿಸ್ದೆ ಇರೋ ಅನ್ನ ಉಂಡು ಎಷ್ಟ್ ದಿನ ಆಗಿತ್ತು ಕಣಣ್ಣ." ಆಕೆ ದೇವರ ದರ್ಶನಕ್ಕೆ ಬಂದಿದ್ದಳು, ಭಕ್ತಿಗೇನೂ ಕಮ್ಮಿ ಇರಲಿಲ್ಲ. ಆದರೆ ಮೈ ಹಗುರ ಆಗಿದ್ದು ಆ ಎಲೆ ಮುಂದೆ.

ನಿಮ್ಮ "ಮಾರನೇ ದಿನಕ್ಕೇ ಮೊದಲಿನ ಹಾಗೆ" ದೂರಿಗೂ ಇಲ್ಲೇ ಉತ್ತರ ಇದೆ. ಯೆರೂನ್ ನಾವೈನ್ ಮತ್ತವರ ಜೊತೆಗಾರರು ನೆದರ್‌ಲ್ಯಾಂಡ್ಸ್‌ನ 1530 ಜನರನ್ನು ಇಟ್ಟುಕೊಂಡು ಮಾಡಿದ ಅಧ್ಯಯನ 2010ರಲ್ಲಿ ಪ್ರಕಟವಾಯ್ತು. ಅವರಲ್ಲಿ 974 ಜನ ಪ್ರವಾಸ ಹೋಗಿ ಬಂದೋರು. ಹೊರಡೋ ಮುಂಚೆ ಇವರ ಖುಷಿ ಉಳಿದೋರಿಗಿಂತ ಜಾಸ್ತಿ. ಬಂದ ಮೇಲೆ ನೋಡಿದರೆ ಮನೆಯಲ್ಲೇ ಇದ್ದೋರಿಗೂ ಇವರಿಗೂ ಹೇಳಿಕೊಳ್ಳೋ ವ್ಯತ್ಯಾಸ ಇಲ್ಲ. ಟ್ರಿಪ್ಪು ತುಂಬಾ ಆರಾಮಾಗಿತ್ತು ಅಂದೋರಿಗೆ ಮಾತ್ರ ಆ ಖುಷಿ ಬಂದ ಮೇಲೂ ಒಂದಷ್ಟು ದಿನ ಉಳೀತು. ಅಂದ್ರೆ ನಿಮಗೆ ಆಗ್ತಿರೋದು ಬಹುಪಾಲು ಜನರಿಗೆ ಆಗೋದೇ, ನಿಮ್ಮಲ್ಲಿ ಏನೂ ಕೊರತೆ ಇಲ್ಲ. ಮೂರು ದಿನಕ್ಕೆ ಹದಿನೆಂಟು ಜಾಗ ತುರುಕೋ ಪ್ಯಾಕೇಜುಗಳನ್ನ ನಾವೂ ಮಾರ್ತೀವಿ, ಜನ ಕೇಳ್ತಾರೆ ಅಂತ. ಮನೆಯೋರನ್ನ ಮಾತ್ರ ನಾನು ಅದರಲ್ಲಿ ಕಳಿಸಲ್ಲ.

ಹೊರಡೋ ಮುಂಚಿನ ಆ ಖುಷಿಯನ್ನ ನಮ್ಮ ಸ್ತ್ರೀಶಕ್ತಿ ಸಂಘದೋರು ಸಂಶೋಧನೆ ಇಲ್ಲದೇನೇ ಅರ್ಥ ಮಾಡ್ಕೊಂಡಿದ್ದಾರೆ. ವಾರವಾರ ಟೂರಿಗೆ ಅಂತಲೇ ದುಡ್ಡು ಎತ್ತಿಡ್ತಾರೆ. ಯಾರು ಕಿಟಕಿ ಪಕ್ಕ, ಯಾರಿಗೆ ವಾಂತಿ ಬರುತ್ತೆ, ಸಮುದ್ರಕ್ಕೆ ಯಾವ ಸೀರೆ, ಇವಳನ್ನ ಕರ್ಕೊಂಡು ಹೋದ್ರೆ ಅವಳು ಬರಲ್ಲ, ಇದೇ ಚರ್ಚೆ ಕಳೆ ಕೀಳ್ತಾ ಕೀಳ್ತಾ ತಿಂಗಳುಗಟ್ಟಲೆ. ನೀವು ಶುಕ್ರವಾರ ರಾತ್ರಿ ಆಪ್‌ನಲ್ಲಿ ಬುಕ್ ಮಾಡಿ ಶನಿವಾರ ಹೊರಟುಬಿಡ್ತೀರಿ. ಅರ್ಧ ಫಾಯಿದೆ ಅಲ್ಲೇ ಹೋಯ್ತು.

ಹೋಗಿ ಬಂದ ಮೇಲಿನ ನೆನಪಿನ ಲೆಕ್ಕವೇ ಬೇರೆ. ಟೆರೆನ್ಸ್ ಮಿಚೆಲ್, ಲೀ ಥಾಂಪ್ಸನ್ ಮತ್ತಿಬ್ಬರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಯುರೋಪ್ ಪ್ರವಾಸ ಹೋದೋರು, ಕ್ಯಾಲಿಫೋರ್ನಿಯಾದಲ್ಲಿ ಮೂರು ವಾರ ಸೈಕಲ್ ತುಳಿದೋರು ಇದ್ದರು. ಹೋಗೋ ಮುಂಚೆ ಅಂದುಕೊಂಡಿದ್ದು, ಬಂದ ಮೇಲೆ ನೆನೆಸ್ಕೊಂಡಿದ್ದು ಎರಡೂ ಆ ಹೊತ್ತಿನ ಅನುಭವಕ್ಕಿಂತ ಸಿಹಿಯಾಗಿತ್ತು. ನಮ್ಮ ಗಿರಾಕಿಗಳು ವರ್ಷಗಟ್ಟಲೆ ಹೇಳೋದು ಟೈರು ಪಂಕ್ಚರ್ ಆಗಿ ಮಳೆಯಲ್ಲಿ ನೆಂದಿದ್ದನ್ನೇ. ಆವತ್ತು ನನ್ನ ಜನ್ಮ ಜಾಲಾಡಿದ್ದೋರೇ ಇವತ್ತು ಅದನ್ನ ನಗ್ತಾ ಹೇಳ್ತಾರೆ.

ನೋಡೋದರಿಂದ ಏನೂ ಆಗಲ್ಲ ಅಂತ ನಾನು ಹೇಳ್ತಿಲ್ಲ. ಮುರುಡೇಶ್ವರದಲ್ಲಿ ಮದ್ದೂರು ಕಡೆಯ ರೈತರೊಬ್ಬರು, ನಾಲೆಯ ಕೊನೆ ಭಾಗದೋರು, ಮೊದಲನೇ ಸಲ ಸಮುದ್ರ ನೋಡಿದರು. ದಾರಿಯುದ್ದಕ್ಕೂ ಕನ್ನಂಬಾಡಿ ಅಣೆಕಟ್ಟೆಯಲ್ಲಿ (ಕೆಆರ್‌ಎಸ್) ನೀರು ಎಷ್ಟಡಿ ಬಂತು ಅಂತ ಫೋನಲ್ಲಿ ನೋಡ್ತಾ ಬಂದಿದ್ದೋರು. ಅಲ್ಲಿ 124.80 ಅಡಿಗೆ ತುಂಬಿದರೆ ಇಡೀ ಜಿಲ್ಲೆಗೆ ಹಬ್ಬ, ಒಂದೊಂದು ಅಡಿ ಇಳಿದಾಗಲೂ ಇವರ ನಿದ್ದೆಯೂ ಇಳಿಯುತ್ತೆ. ಪಂಚೆ ಮೇಲೆತ್ತಿ ಮಂಡಿ ನೀರಲ್ಲಿ ನಿಂತು ತುಂಬಾ ಹೊತ್ತು ನೋಡಿದರು. ಬೊಗಸೆಯಲ್ಲಿ ಎತ್ತಿ ನಾಲಿಗೆಗೆ ಇಟ್ಟು ಉಗಿದರು. "ಇಷ್ಟ್ ನೀರು ಮಡಗವ್ನೆ, ಒಂದ್ ತೂಬಿಲ್ಲ, ಒಂದ್ ಗೇಟಿಲ್ಲ, ಕೇಳೋರಿಲ್ಲ, ಉಪ್ಪು ಬೇರೆ!" ಅಂದು ಜೋರಾಗಿ ನಕ್ಕರು. ಆ ಮನುಷ್ಯ ನಕ್ಕಿದ್ದನ್ನ ಅವರ ಮನೆಯೋರೇ ಅಪರೂಪಕ್ಕೆ ನೋಡಿದ್ದು ಅಂತ ಆಮೇಲೆ ಗೊತ್ತಾಯ್ತು. ಡ್ಯಾಕರ್ ಕೆಲ್ಟ್ನರ್, ಜೊನಾಥನ್ ಹೈಟ್ ಅನ್ನೋ ಮನಃಶಾಸ್ತ್ರಜ್ಞರು 2003ರಲ್ಲಿ ಬೆರಗಿನ ಬಗ್ಗೆ ಬರೆದ ಲೇಖನದಲ್ಲಿ ಹೇಳೋದು ಇದನ್ನೇ: ನಮ್ಮ ಅಳತೆಗೆ ಸಿಗದಷ್ಟು ದೊಡ್ಡದು ಎದುರಾದಾಗ ತಲೆಯೊಳಗಿನ ಹಳೇ ಅಳತೆಯನ್ನೇ ಬದಲಾಯಿಸ್ಕೋಬೇಕಾಗುತ್ತೆ. ಆಗ ನಮ್ಮ ಚಿಂತೆಯ ಸೈಜೂ ಸ್ವಲ್ಪ ಕುಗ್ಗುತ್ತೆ. ಊರಿಗೆ ಬಂದ ಮೇಲೆ ಅವರು ಮತ್ತೆ ಕನ್ನಂಬಾಡಿ ಮಟ್ಟ ನೋಡೋಕೆ ಶುರು ಮಾಡಿದರು, ಅದು ಬೇರೆ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತಲ್ಲ, ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ, ಆಗ ಮಹದೇಶ್ವರ ಬೆಟ್ಟ, ನಂಜನಗೂಡು, ಚಾಮುಂಡಿ ಬೆಟ್ಟದ ಬಸ್ಸುಗಳಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ನಮ್ಮ ವ್ಯಾಪಾರಕ್ಕೂ ಏಟು ಬಿತ್ತು. "ಪುಕ್ಕಟೆ ಅಂದ್ರೆ ಮನೆ ಬಿಟ್ಟು ಓಡ್ತಾರೆ" ಅಂತ ಗೇಲಿ ಮಾಡಿದೋರು ಬಹಳ. ನನಗೆ ಅದರಲ್ಲಿ ಗೇಲಿ ಕಾಣಲಿಲ್ಲ. ಗಂಡನ ಹತ್ರ ಬಸ್ ಚಾರ್ಜು ಕೇಳಬೇಕಾದರೆ ಯಾಕೆ, ಏನು, ಯಾರ ಜೊತೆ ಅಂತ ನೂರು ಪ್ರಶ್ನೆಗೆ ಉತ್ತರ ಕೊಡಬೇಕು. ಶೂನ್ಯ ಟಿಕೆಟ್ ಕೈಗೆ ಬಂದಾಗ ಆ ಪ್ರಶ್ನೆಗಳು ಕಮ್ಮಿ ಆದವು. ಎಲ್ಲಿಗೆ ಹೋಗಬೇಕು ಅಂತ ತಾನೇ ತೀರ್ಮಾನ ಮಾಡೋದರಲ್ಲಿ ಸಿಗೋ ಸಮಾಧಾನ, ಹೋದ ಜಾಗದಲ್ಲಿ ಸಿಗೋದಕ್ಕಿಂತ ಎಷ್ಟೋ ಸಲ ದೊಡ್ಡದು.

ಈಗ ನಿಮ್ಮ ವಿಷಯಕ್ಕೆ ಬರೋಣ. ಗೋವಾ ಬಿಡಿ ಅಂತ ಹೇಳಲ್ಲ. ಆದರೆ ಅಮೆರಿಕದ ಆರನ್ ಹೆಲ್ಲರ್, ಕ್ಯಾಥರಿನ್ ಹಾರ್ಟ್ಲಿ ತಂಡ 2020ರಲ್ಲಿ ಪ್ರಕಟಿಸಿದ ಕೆಲಸ ನಿಮಗೆ ಉಪಯೋಗಕ್ಕೆ ಬರಬಹುದು. ನ್ಯೂಯಾರ್ಕ್ ಮತ್ತು ಮಯಾಮಿಯಲ್ಲಿ ಜನರ ಫೋನಿನ ಜಿಪಿಎಸ್ ಹಿಡಿದು ತಿಂಗಳುಗಟ್ಟಲೆ ನೋಡಿದಾಗ, ದಿನದಲ್ಲಿ ಬೇರೆ ಬೇರೆ ಜಾಗಕ್ಕೆ ಓಡಾಡಿದ ದಿನ ಜನ ತಮ್ಮ ಮನಸ್ಸು ಚೆನ್ನಾಗಿದೆ ಅಂತ ಹೇಳಿದರು. ಇದು ಅವರು ಇರೋ ಊರಲ್ಲೇ. ಮೈಸೂರಲ್ಲಿ ಹುಟ್ಟಿ ಬೆಳೆದು ಸೋಮನಾಥಪುರ ನೋಡದೆ ಇರೋರು ನನಗೆ ಎಷ್ಟೋ ಜನ ಗೊತ್ತು. ಹದಿಮೂರನೇ ಶತಮಾನದ ಹೊಯ್ಸಳ ದೇವಸ್ಥಾನ, 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ, ಬೈಕಲ್ಲಿ ಒಂದು ಗಂಟೆ. ಅಲ್ಲಿಂದ ಇನ್ನೊಂದಿಷ್ಟು ದೂರ ಹೋದರೆ ತಲಕಾಡಿನ ಮರಳು. ವರ್ಷಕ್ಕೊಂದು ದೊಡ್ಡ ಟ್ರಿಪ್ಪಿಗೆ ಕಾಯೋ ಬದಲು ತಿಂಗಳಿಗೊಂದು ಅರ್ಧ ದಿನ ಇಂಥದ್ದಕ್ಕೆ ಇಡಿ, ಫೋನ್ ಏರೋಪ್ಲೇನ್ ಮೋಡಿಗೆ ಹಾಕಿ. ದೊಡ್ಡ ಟ್ರಿಪ್ಪಿಂದ ಭಾನುವಾರ ರಾತ್ರಿ ಬಂದು ಸೋಮವಾರ ಲಾಗಿನ್ ಆಗೋದನ್ನಂತೂ ನಿಲ್ಲಿಸಿ, ಒಂದು ದಿನ ಮುಂಚೆ ಬಂದು ಮನೆಯಲ್ಲಿ ಬಿದ್ಕೊಳ್ಳಿ.

ಸಾಲ ಮಾಡಿ ಹೋಗಬೇಡಿ. ಇಎಂಐ ಜೊತೇಲೇ ಪ್ರಯಾಣ ಮಾಡುತ್ತೆ. ಮತ್ತೆ, ವಾರಗಟ್ಟಲೆ ನಿದ್ದೆ ಇಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನೋ ಸ್ಥಿತಿ ಇದ್ದರೆ ಅದಕ್ಕೆ ಟ್ರಿಪ್ಪು ಔಷಧ ಅಲ್ಲ. ಡಾಕ್ಟರ್ ಹತ್ರ ಹೋಗಿ, ಅಥವಾ 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡು ಕೊಡಬೇಕಿಲ್ಲ. "ಒಂದ್ ರೌಂಡ್ ಕೂರ್ಗ್ ಹೋಗ್ಬಾ ಸರಿ ಹೋಗ್ತೀಯ" ಅನ್ನೋ ಸ್ನೇಹಿತರ ಮಾತು ಅಲ್ಲಿ ಕೆಲಸಕ್ಕೆ ಬರಲ್ಲ.

ಇನ್ನು ನಿಮ್ಮ ಅಮ್ಮ. ಅವರು ದಂಡ ಅನ್ನೋದು ಅವರ ಲೆಕ್ಕದಲ್ಲಿ ಸರಿ ಇರಬಹುದು. ಅವರು ಇಲ್ಲಿವರೆಗೆ ಹೋದ ಟ್ರಿಪ್ಪುಗಳಲ್ಲಿ ಚಪಾತಿ ಲಟ್ಟಿಸಿದ್ದು ಯಾರು ಅಂತ ಒಂದು ಸಲ ಕೇಳಿ ನೋಡಿ. ವಾರದ ಮಧ್ಯೆ ಒಂದು ದಿನ ರಜಾ ಹಾಕಿ ಮೇಲುಕೋಟೆಗೆ ಕರ್ಕೊಂಡು ಹೋಗಿ. ವೈರಮುಡಿ ಉತ್ಸವದ ಸಮಯ ಬೇಡ, ಆ ಜಂಗುಳಿಯಲ್ಲಿ ಅವರಿಗೆ ನಿಮ್ಮ ಕೈ ಹಿಡ್ಕೊಳ್ಳೋದೇ ಕೆಲಸ ಆಗುತ್ತೆ. ಬೆಳಿಗ್ಗೆ ಡಬ್ಬಿ ಕಟ್ಟೋಕೆ ಎದ್ದರೆ ತಡೀರಿ, ಪುಳಿಯೋಗರೆ ಅಲ್ಲೇ ಸಿಗುತ್ತೆ. ಕಲ್ಯಾಣಿ ಮೆಟ್ಟಿಲ ಮೇಲೆ ಅವರು ಎಷ್ಟು ಹೊತ್ತು ಕೂರ್ತೀನಿ ಅಂತಾರೋ ಅಷ್ಟು ಹೊತ್ತು ಕೂರಲಿ, ಗಡಿಯಾರ ನೋಡಬೇಡಿ. ಯೋಗಾನರಸಿಂಹನ ಬೆಟ್ಟ ಬಿಸಿಲೇರೋಕೆ ಮುಂಚೆ ಹತ್ತಿ. ಕೋತಿ ಕಾಟ ಇದೆ, ಕೈಯಲ್ಲಿ ಹಣ್ಣಿನ ಕವರ್ ಹಿಡ್ಕೊಂಡು ಹತ್ತಬೇಡಿ.