ಲಾರ್ಡ್‌ಗಳ ಉಡುಪು ಅಷ್ಟು ಗಂಭೀರ ಯಾಕೆ?

ನಿಮ್ಮ ಹತ್ತಿರ ಇರುವ ಉಡುಪಿನ ಚಿತ್ರ ನೋಡಿ ನೀವು ಕೇಳಿದ್ದು ಎರಡು ಪ್ರಶ್ನೆ ಅಲ್ವಾ? ಹಳೆಯ ಲಂಡನ್ ಸಂಗೀತ ನಾಟಕಗಳ ಉಡುಪಿನ ಚಿತ್ರಗಳ ಅಂಚಿನಲ್ಲಿ ಬಟ್ಟೆ ಚೂರು ಯಾಕಿರುತ್ತದೆ? 'ಅಯೋಲ್ಯಾಂಥಿ' ಯಕ್ಷಿಣಿಯರೂ ಬ್ರಿಟಿಷ್ ಸಂಸತ್ತಿನ ಶ್ರೀಮಂತ ಸದಸ್ಯರಾದ ಲಾರ್ಡ್‌ಗಳೂ ಬರುವ ಹಾಸ್ಯ ಸಂಗೀತ ನಾಟಕವಾದರೂ ಲಾರ್ಡ್‌ಗಳ ಉಡುಪು ಯಾಕೆ ಅಷ್ಟು ಗಂಭೀರ?

ಚೂರಿನ ವಿಷಯ ಸುಲಭ. ಆ ಚಿತ್ರ ಗೋಡೆಗೆ ತೂಗುಹಾಕಲು ಬರೆದದ್ದಲ್ಲ, ದರ್ಜಿಗೆ ಕೊಡಲು ಬರೆದದ್ದು. ಜಲವರ್ಣದ ಕೆಂಪು ನೋಡಿ ರೇಷ್ಮೆಯೋ ಉಣ್ಣೆಯೋ ಹೇಳೋಕಾಗಲ್ಲ. ಅದಕ್ಕೇ ಬಟ್ಟೆಯ ಮಾದರಿಯನ್ನೇ ಸಿಕ್ಕಿಸುತ್ತಿದ್ದರು. ಪಕ್ಕದ ಪೆನ್ಸಿಲ್ ಬರಹವನ್ನು ಬಿಡದೆ ಓದಿ. ಪಾತ್ರ, ನಟ, ಅಂಕ ಎಲ್ಲ ಅಲ್ಲೇ ಸಿಗಬಹುದು.

ಎರಡನೆಯದು ನನಗೆ ತುಂಬಾ ಇಷ್ಟದ ವಿಷಯ. ಈ ನಾಟಕ 1882ರ ನವೆಂಬರ್ 25ರಂದು ಲಂಡನ್ನಿನ ಸವಾಯ್ ಥಿಯೇಟರಿನಲ್ಲಿ ಶುರುವಾಯಿತು. ಮಾತು ಗಿಲ್ಬರ್ಟ್ ಅವರದು, ಸಂಗೀತ ಸಲಿವನ್ ಅವರದು. ಗಿಲ್ಬರ್ಟ್ ಸ್ವತಃ ಚಿತ್ರ ಬರೆಯುತ್ತಿದ್ದರು, ವೇದಿಕೆಯ ಪ್ರತಿ ವಿವರದ ಮೇಲೂ ಕಣ್ಣಿಡುತ್ತಿದ್ದರು. ಬಟ್ಟೆಯೇ ನಗಿಸಲು ಹೊರಟರೆ ಮಾತು ಸಪ್ಪೆಯಾಗುತ್ತದೆ. ನಿಜವಾದ ಲಾರ್ಡ್‌ಗಳ ಹಾಗೇ ನಿಲುವಂಗಿ, ಕಿರೀಟ ತೊಟ್ಟು ಠೀವಿಯಿಂದ ಬಂದವರು ಪೆದ್ದುಪೆದ್ದಾಗಿ ಹಾಡಿದಾಗಲೇ ನಗು ಉಕ್ಕೋದು. ಯಕ್ಷಿಣಿಯರ ರಾಣಿಗೆ ಮಾತ್ರ ಜರ್ಮನ್ ಸಂಗೀತಗಾರ ವಾಗ್ನರ್ ಅವರ ಒಪೆರಾದ (ಹಾಡಿನ ನಾಟಕದ) ವೀರನಾರಿಯ ಹಾಗೆ ಕವಚ ತೊಡಿಸಿ ಚೇಷ್ಟೆ ಮಾಡಿದರು. ಮುಖ್ಯ ಯಕ್ಷಿಣಿಯರ ತಲೆಯಲ್ಲಿ ಬ್ಯಾಟರಿಯಿಂದ ಉರಿಯುವ ಪುಟ್ಟ ವಿದ್ಯುತ್ ದೀಪಗಳೂ ಇದ್ದವು!

ನಿಮ್ಮ ಚಿತ್ರದ ಇಸವಿ ಮೊದಲು ನೋಡಿ. ಮರುಪ್ರದರ್ಶನಗಳಿಗೆ ಹೊಸ ವಿನ್ಯಾಸ ಮಾಡಿಸುವುದಿತ್ತು. ಇದೇ ಜೋಡಿಯ ಇನ್ನೊಂದು ನಾಟಕ 'ಮಿಕಾಡೊ'ಗೆ 1926ರಲ್ಲಿ ವಿನ್ಯಾಸಕಾರ ಚಾರ್ಲ್ಸ್ ರಿಕೆಟ್ಸ್ ಉಡುಪಿನ ಚಿತ್ರಗಳನ್ನು ಪೂರ್ತಿ ಹೊಸದಾಗಿ ಬರೆದರು. ಅದನ್ನು 1885ರ ಮೊದಲ ಪ್ರದರ್ಶನದ್ದು ಅಂದುಕೊಂಡರೆ ಲೆಕ್ಕವೆಲ್ಲ ತಪ್ಪುತ್ತದೆ. ಬರಹದ ಫೋಟೊ ಹಾಕಿ, ಕೂತು ಓದೋಣ.