ಮಗ ಪಿಯುಸಿ ಮುಗಿದ ಕೂಡಲೇ ಪ್ರೊಫೆಷನಲ್ ಗಾಲ್ಫರ್ ಆಗಬೇಕು ಅನ್ನುತ್ತಿದ್ದಾನೆ. ಇದರಲ್ಲಿ ಬದುಕು ನಡೆಯುತ್ತದೆಯೇ?

ಮಗನಿಗೆ 16 ವರ್ಷ, ಹ್ಯಾಂಡಿಕ್ಯಾಪ್ (ಆಟದ ಮಟ್ಟ ತೋರಿಸುವ ಅಂಕ) 2, ಆಡುವುದು ಬೆಂಗಳೂರಿನಲ್ಲಿ, ಇನ್ನೆರಡು ವರ್ಷದಲ್ಲಿ ಪ್ರೊ ಆಗುವ ಹಟ ಎಂದು ಬರೆದಿದ್ದೀರಿ. ಗಾಲ್ಫ್‌ನಲ್ಲಿ ಬದುಕು ಖಂಡಿತ ನಡೆಯುತ್ತದೆ. ಆದರೆ ಈ ಹ್ಯಾಂಡಿಕ್ಯಾಪ್‌ನಲ್ಲಿ ಪ್ರೊ ಆದರೆ ನಡೆಯುವುದಿಲ್ಲ. ಹದಿನೆಂಟು ತುಂಬಿತು ಅನ್ನುವ ಕಾರಣಕ್ಕೆ ಪ್ರೊ ಆಗಬಾರದು, ಸ್ಕೋರ್ ಸಾಕಷ್ಟು ಇಳಿದ ಮೇಲೆ ಆಗಬೇಕು (ಗಾಲ್ಫ್‌ನಲ್ಲಿ ಹೊಡೆತ ಕಡಿಮೆಯಾದಷ್ಟೂ ಒಳ್ಳೆಯದು).

ಹ್ಯಾಂಡಿಕ್ಯಾಪ್ 2 ಎಂದರೆ ಸರಾಸರಿ ಪಾರ್‌ಗಿಂತ, ಅಂದರೆ ಕೋರ್ಸಿಗೆ ನಿಗದಿಯಾದ ಹೊಡೆತಗಳಿಗಿಂತ, ಎರಡು ಹೆಚ್ಚು ಎಂದು ಬಹಳ ಪೋಷಕರು ತಿಳಿದುಕೊಂಡಿದ್ದಾರೆ. ಹಾಗಲ್ಲ. ಈಗಿನ ವರ್ಲ್ಡ್ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಕೊನೆಯ 20 ಸುತ್ತುಗಳಲ್ಲಿ ಅತ್ಯುತ್ತಮ 8 ಮಾತ್ರ ಲೆಕ್ಕಕ್ಕೆ ಬರುತ್ತವೆ. ಕೋರ್ಸ್ ರೇಟಿಂಗ್ (ಹ್ಯಾಂಡಿಕ್ಯಾಪ್ ಸೊನ್ನೆ ಇರುವವನಿಂದ ನಿರೀಕ್ಷಿಸುವ ಸ್ಕೋರ್) 72 ಇರುವ, ತೀರಾ ಕಷ್ಟವಲ್ಲದ ಕೋರ್ಸಿನಲ್ಲಿ ಆ ಎಂಟು ಸುತ್ತುಗಳ ಸರಾಸರಿ ಸುಮಾರು 74 ಬಂದರೆ ಹ್ಯಾಂಡಿಕ್ಯಾಪ್ 2. ಉಳಿದ ಹನ್ನೆರಡು ಸುತ್ತುಗಳಲ್ಲಿ 77, 79, 81 ಇದ್ದರೂ ಅದರಲ್ಲಿ ಕಾಣುವುದಿಲ್ಲ. ಟೂರ್ನಿಯಲ್ಲಿ ಮಾತ್ರ ಪ್ರತಿ ಹೊಡೆತವೂ ಎಣಿಕೆಗೆ ಬರುತ್ತದೆ. ಅಂದರೆ ನಿಮ್ಮ ಹುಡುಗನ ನಿಜವಾದ ಸರಾಸರಿ 76ರ ಆಸುಪಾಸು ಇರಬಹುದು. ಪಾರ್ 72ರ ಕೋರ್ಸಿನಲ್ಲಿ ಎರಡು ದಿನ ಹಾಗೆ ಆಡಿದರೆ ಪಾರ್‌ಗಿಂತ ಎಂಟು ಹೆಚ್ಚು.

ಈ ಎಂಟು ಯಾಕೆ ಮುಖ್ಯ ಅಂದರೆ, ಟೂರ್ನಿ ನಾಲ್ಕು ದಿನದ್ದು, 72 ಹೋಲ್. ಮೊದಲ 36 ಹೋಲ್ ಆದ ಮೇಲೆ ಕಟ್. ಭಾರತದ ಪುರುಷರ ಟೂರ್ ಪಿಜಿಟಿಐನಲ್ಲಿ ಮೊದಲ 50 ಸ್ಥಾನ ಮತ್ತು ಆ ಸ್ಥಾನದಲ್ಲಿ ಸಮ ಮಾಡಿದವರು ಮುಂದಕ್ಕೆ, ಉಳಿದವರು ಮನೆಗೆ. ಕಟ್ ಗೆರೆ ಸಾಮಾನ್ಯವಾಗಿ ಪಾರ್‌ನಿಂದ ಬಹಳ ದೂರ ಹೋಗುವುದಿಲ್ಲ. ಕಟ್ ದಾಟದವನಿಗೆ ಬಹುಮಾನದ ಹಣ ಇಲ್ಲ. ವಿಮಾನ ಟಿಕೆಟ್, ರೂಮು, ಕ್ಯಾಡಿ (ಬ್ಯಾಗ್ ಹೊರುವ ಸಹಾಯಕ), ಎಂಟ್ರಿ ಫೀ ಎಲ್ಲ ಕೈಯಿಂದಲೇ. ಕ್ರಿಕೆಟಿಗನಂತೆ ಪಂದ್ಯಕ್ಕೆ ಇಷ್ಟು ಎಂಬ ಸಂಭಾವನೆ ಇಲ್ಲಿಲ್ಲ.

ಕಟ್ ದಾಟಿದರೂ ಹಣ ಸಮನಾಗಿ ಹಂಚಿಕೆಯಾಗುವುದಿಲ್ಲ. ಪಿಜಿಟಿಐನ ಒಂದು ಕೋಟಿ ರೂಪಾಯಿ ಟೂರ್ನಿಯಲ್ಲಿ ಗೆದ್ದವನಿಗೆ ಶೇ 15, ಅಂದರೆ 15 ಲಕ್ಷ. ಕಟ್ ದಾಟಿ ಪಟ್ಟಿಯ ಬುಡದಲ್ಲಿ ನಿಂತವನ ಚೆಕ್ ಸಾವಿರಗಳಲ್ಲಿರುತ್ತದೆ, ಅದು ಆ ವಾರದ ಖರ್ಚಿಗೆ ಸರಿಹೋದರೆ ಹೆಚ್ಚು. ಅಮೆರಿಕದ ಪಿಜಿಎ ಟೂರ್‌ನ ಮಾಮೂಲಿ ಹಂಚಿಕೆಯಲ್ಲಿ ಮೊದಲ ಸ್ಥಾನಕ್ಕೆ ಶೇ 18, ಎರಡನೆಯದಕ್ಕೆ ಶೇ 10.9, ಮೂರನೆಯದಕ್ಕೆ ಶೇ 6.9. 65ನೇ ಸ್ಥಾನಕ್ಕೆ ಬರುವಷ್ಟರಲ್ಲಿ ಅದು ಸುಮಾರು ಶೇ 0.2. ನಮ್ಮವರದೇ ಉದಾಹರಣೆ ನೋಡಿ. 2022ರ ಪ್ಲೇಯರ್ಸ್ ಚಾಂಪಿಯನ್‌ಶಿಪ್‌ನ ಒಟ್ಟು ಬಹುಮಾನ 2 ಕೋಟಿ ಡಾಲರ್. ಗೆದ್ದ ಕ್ಯಾಮರಾನ್ ಸ್ಮಿತ್ 13 ಅಂಡರ್ (ಪಾರ್‌ಗಿಂತ 13 ಕಡಿಮೆ), ಎರಡನೆಯವರಾದ ಬೆಂಗಳೂರಿನಲ್ಲಿ ಪಳಗಿದ ಅನಿರ್ಬನ್ ಲಾಹಿರಿ 12 ಅಂಡರ್. ಸ್ಮಿತ್‌ಗೆ 36 ಲಕ್ಷ ಡಾಲರ್, ಲಾಹಿರಿಗೆ 21.8 ಲಕ್ಷ ಡಾಲರ್. ನಾಲ್ಕು ದಿನದಲ್ಲಿ ಒಂದೇ ಹೊಡೆತದ ಅಂತರ, ಅದರ ಬೆಲೆ 14.2 ಲಕ್ಷ ಡಾಲರ್. ಈ ವೃತ್ತಿಯಲ್ಲಿ ವರ್ಷದ ಗಳಿಕೆ ಬಹುಪಾಲು ಎರಡು ಮೂರು ಒಳ್ಳೆಯ ವಾರಗಳಿಂದಲೇ ಬರುತ್ತದೆ. ಉಳಿದ ವಾರಗಳನ್ನು ಸಾಲವಿಲ್ಲದೆ ದಾಟಿಸುವುದೇ ಕಷ್ಟದ ಕೆಲಸ.

ಆ ಚೆಕ್ ಕೂಡ ಪೂರ್ತಿ ಕೈಗೆ ಬರುವುದಿಲ್ಲ. ದೊಡ್ಡ ಟೂರ್‌ಗಳಲ್ಲಿ ಕ್ಯಾಡಿಗೆ ವಾರದ ಸಂಬಳದ ಮೇಲೆ ಕಟ್ ದಾಟಿದರೆ ಶೇ 5, ಮೊದಲ ಹತ್ತರೊಳಗೆ ಬಂದರೆ ಶೇ 7, ಗೆದ್ದರೆ ಶೇ 10 ಕೊಡುವುದು ವಾಡಿಕೆ. ಕೋಚ್, ಫಿಸಿಯೊ, ತೆರಿಗೆ ಬೇರೆ. ಹಾಗಾಗಿ ಪ್ರೊ ಆಗುವ ದಿನ ಕನಿಷ್ಠ ಎರಡು ಸೀಸನ್‌ನ ಪೂರ್ತಿ ಖರ್ಚು ಬ್ಯಾಂಕಿನಲ್ಲಿರಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಮುಂದಿನ ತಿಂಗಳ ರೂಮ್ ಬಾಡಿಗೆ ತಲೆಯಲ್ಲಿಟ್ಟುಕೊಂಡು ಆರು ಅಡಿ ಪಟ್ (ಚೆಂಡನ್ನು ಕುಳಿಗೆ ಉರುಳಿಸುವ ಹೊಡೆತ) ಹೊಡೆಯುವವನ ಕೈ ನಡುಗುತ್ತದೆ. ಪ್ರತಿಭೆ ಇದ್ದೂ ಮಧ್ಯದಲ್ಲೇ ಬಿಟ್ಟವರಲ್ಲಿ ಬಹಳ ಮಂದಿ ಹಣ ಮುಗಿದು ಬಿಟ್ಟವರು.

ಟೂರ್‌ಗೆ ಬಾಗಿಲು ಕ್ವಾಲಿಫೈಯಿಂಗ್ ಸ್ಕೂಲ್, ಆಡುಮಾತಿನಲ್ಲಿ ಕ್ಯೂ ಸ್ಕೂಲ್. ಹೆಸರಿಗೆ ಸ್ಕೂಲ್, ಪಾಠ ಏನೂ ಇಲ್ಲ, ಬರೀ ಸ್ಪರ್ಧೆ. ಮೊದಲು ಪ್ರೀ-ಕ್ವಾಲಿಫೈಯಿಂಗ್, ಆಮೇಲೆ ಫೈನಲ್ ಹಂತ. ಮೇಲಿನ ಸ್ಥಾನದವರಿಗೆ ಆ ವರ್ಷದ ಕಾರ್ಡ್, ಅಂದರೆ ಟೂರ್‌ನಲ್ಲಿ ಆಡುವ ಹಕ್ಕು. ಆ ಕಾರ್ಡನ್ನು ಪ್ರತಿ ವರ್ಷ ಆರ್ಡರ್ ಆಫ್ ಮೆರಿಟ್ ಎಂಬ ಸೀಸನ್ ಶ್ರೇಯಾಂಕ ಪಟ್ಟಿಯಲ್ಲಿ ಮೇಲೆ ಉಳಿದು ಕಾಪಾಡಿಕೊಳ್ಳಬೇಕು, ಜಾರಿದರೆ ಮತ್ತೆ ಕ್ಯೂ ಸ್ಕೂಲ್. ಇತ್ತೀಚಿನ ವರ್ಷಗಳಲ್ಲಿ ಪಿಜಿಟಿಐ ಪಟ್ಟಿಯಲ್ಲಿ ಮೊದಲಿಗನಾದವನಿಗೆ ಯುರೋಪಿನ ಡಿಪಿ ವರ್ಲ್ಡ್ ಟೂರ್ ಕಾರ್ಡ್ ಸಿಗುತ್ತಿದೆ. 2023ರಲ್ಲಿ ಓಂ ಪ್ರಕಾಶ್ ಚೌಹಾಣ್ ಹೋದದ್ದು ಹೀಗೇ. ಇದು ದೊಡ್ಡ ಬದಲಾವಣೆ, ಭಾರತದಲ್ಲೇ ಆಡಿ ಯುರೋಪಿಗೆ ನೇರ ದಾರಿ. ಮೇಲಿನ ಟೂರ್‌ಗಳು ಮಾತ್ರ ಇನ್ನಷ್ಟು ಬಿಗಿಯಾಗುತ್ತಿವೆ: ಪಿಜಿಎ ಟೂರ್‌ನಲ್ಲಿ ಪೂರ್ಣ ಕಾರ್ಡ್ ಉಳಿಸಿಕೊಳ್ಳುವವರ ಸಂಖ್ಯೆ 2026ಕ್ಕೆ 125ರಿಂದ 100ಕ್ಕೆ ಇಳಿಯಿತು.

ಹೆಣ್ಣುಮಕ್ಕಳ ದಾರಿ ಬೇರೆ, ಮಹಿಳಾ ಗಾಲ್ಫ್ ಸಂಸ್ಥೆಯ ದೇಶೀ ಟೂರ್, ಆಮೇಲೆ ಲೇಡೀಸ್ ಯುರೋಪಿಯನ್ ಟೂರ್. ಮೈಸೂರಿನ ಪ್ರಣವಿ ಅರಸ್ ಹೋಗಿರುವುದು ಅದೇ ದಾರಿಯಲ್ಲಿ.

ಈಗ ಬೇಗ ಪ್ರೊ ಆಗುವ ವಿಚಾರ. ಮೊದಲೆಲ್ಲ ಅಮೆಚೂರ್ (ಹವ್ಯಾಸಿ) ಆಗಿದ್ದರೆ ಪ್ರಾಯೋಜಕರ ಹಣ ಮುಟ್ಟುವ ಹಾಗಿರಲಿಲ್ಲ. ಅದಕ್ಕೇ ಎಷ್ಟೋ ಕುಟುಂಬಗಳು ಅವಸರದಲ್ಲಿ ಪ್ರೊ ಮಾಡಿಸುತ್ತಿದ್ದವು. 2022ರ ಜನವರಿಯಿಂದ ನಿಯಮ ಬದಲಾಗಿದೆ. ಅಮೆಚೂರ್ ಆಟಗಾರ ಈಗ ಜಾಹೀರಾತು, ಪ್ರಾಯೋಜಕತ್ವ, ಖರ್ಚಿನ ನೆರವು ಎಲ್ಲ ಪಡೆಯಬಹುದು. ಒಂದು ಸ್ಪರ್ಧೆಯಲ್ಲಿ ಬಹುಮಾನವಾಗಿ 1,000 ಡಾಲರ್‌ವರೆಗೂ ತೆಗೆದುಕೊಳ್ಳಬಹುದು. ಆ ಮಿತಿ ಮೀರಿ ಬಹುಮಾನ ಪಡೆದರೆ, ಪ್ರೊ ಎಂದು ಹೆಸರು ಕೊಟ್ಟು ಆಡಿದರೆ, ಹಣಕ್ಕೆ ಪಾಠ ಹೇಳಿದರೆ ಅಮೆಚೂರ್ ಸ್ಥಾನ ಹೋಗುತ್ತದೆ. ಅರ್ಜಿ ಹಾಕಿ ಮರಳಿ ಪಡೆಯಬಹುದು, ಆದರೆ ನಡುವೆ ಕಾಯಬೇಕಾದ ಕಾಲ ಬೆಳೆಯುವ ಹುಡುಗನಿಗೆ ನಷ್ಟ. ಅಮೆರಿಕದ ಕಾಲೇಜು ಗಾಲ್ಫ್ ಕಡೆ ಯೋಚನೆ ಇದ್ದರೆ ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ನಿಯಮಗಳು ಪ್ರತ್ಯೇಕ, ಯಾವುದೇ ಹಣ ತೆಗೆದುಕೊಳ್ಳುವ ಮುಂಚೆ ಅವನ್ನು ಓದಿ. ನನ್ನ ಮಟ್ಟಿಗೆ ಹೇಳುವುದಾದರೆ, ಹ್ಯಾಂಡಿಕ್ಯಾಪ್ 2 ಇರುವ 16ರ ಹುಡುಗನಿಗೆ ಆ ದಾರಿಯೇ ಒಳ್ಳೆಯದು: ಒಳ್ಳೆಯ ಎದುರಾಳಿಗಳು, ಪ್ರಯಾಣದ ಖರ್ಚು ಕಾಲೇಜಿನದು, ಕೈಯಲ್ಲೊಂದು ಡಿಗ್ರಿ.

ಇನ್ನು 76ನ್ನು 71ಕ್ಕೆ ಇಳಿಸುವುದು ಎಲ್ಲಿಂದ? ಎಲ್ಲರೂ ಪಟಿಂಗ್ ಅನ್ನುತ್ತಾರೆ. ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರಾಡಿ ಪಿಜಿಎ ಟೂರ್‌ನ ಹೊಡೆತಗಳ ದತ್ತಾಂಶ ಇಟ್ಟುಕೊಂಡು ಲೆಕ್ಕ ಹಾಕಿದಾಗ ಅಗ್ರ ಆಟಗಾರರ ಮೇಲುಗೈಯಲ್ಲಿ ಸುಮಾರು ಶೇ 40 ಗ್ರೀನ್‌ಗೆ (ಕುಳಿಯ ಸುತ್ತಲಿನ ನುಣುಪು ಹುಲ್ಲಿಗೆ) ಹೊಡೆಯುವ ಅಪ್ರೋಚ್‌ನಿಂದ, ಶೇ 28 ಹೋಲ್‌ನ ಮೊದಲ ದೂರದ ಹೊಡೆತವಾದ ಡ್ರೈವ್‌ನಿಂದ, ಶೇ 17 ಗ್ರೀನ್ ಹತ್ತಿರದ ಶಾರ್ಟ್ ಗೇಮ್‌ನಿಂದ, ಶೇ 15 ಪಟಿಂಗ್‌ನಿಂದ ಎಂದು ಕಂಡಿತು. ಟೂರ್ ಪ್ರೊ ಕೂಡ ಎಂಟು ಅಡಿ ಪಟ್ಟನ್ನು ಅರ್ಧದಷ್ಟು ಸಲ ಮಾತ್ರ ಹಾಕುತ್ತಾನೆ, ಇಪ್ಪತ್ತು ಅಡಿಯದು ನೂರಕ್ಕೆ ಹದಿನೈದು. ಹಾಗಾಗಿ ಚೆಂಡನ್ನು ಪಿನ್‌ಗೆ (ಕುಳಿಯ ಬಾವುಟಕ್ಕೆ) ಹತ್ತಿರ ನಿಲ್ಲಿಸುವ ಐರನ್ (ಅಪ್ರೋಚ್‌ಗೆ ಬಳಸುವ ಕ್ಲಬ್) ಆಟವೇ ಬಂಡವಾಳ. ರೇಂಜಿನಲ್ಲಿ ಬಕೆಟ್ ಬಕೆಟ್ ಡ್ರೈವರ್ ಹೊಡೆಯುವ ಬದಲು ಪ್ರತಿ ಐರನ್‌ನ ಕ್ಯಾರಿ ದೂರ, ಅಂದರೆ ಗಾಳಿಯಲ್ಲೇ ಎಷ್ಟು ಹೋಗುತ್ತದೆ ಎಂಬುದನ್ನು ಯಾರ್ಡ್ ಲೆಕ್ಕದಲ್ಲಿ ಬರೆದಿಡಲಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಗಾಳಿ ತೆಳು, ಇಲ್ಲಿ ಅಳೆದ ದೂರ ಚೆನ್ನೈ, ಕೋಲ್ಕತ್ತದಲ್ಲಿ ಬರುವುದಿಲ್ಲ, ಚೆಂಡು ಗ್ರೀನ್ ಮುಂದಿನ ಮರಳಿನ ಬಂಕರ್‌ಗೆ ಬೀಳುತ್ತದೆ. ಊರೂರು ಸುತ್ತುವ ಹೊಸಬರು ಮೊದಲು ಹೊಡೆತ ಕಳೆದುಕೊಳ್ಳುವುದು ಇಲ್ಲೇ.

ಇದಕ್ಕೆ ಅಪವಾದವೂ ನಮ್ಮೂರಲ್ಲೇ ಇದೆ. ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 67, 66, 68, 68 ಆಡಿ ನಾಲ್ಕನೆಯವರಾದರು, ಒಂದು ಹೊಡೆತದಿಂದ ಪದಕ ತಪ್ಪಿತು. ಡ್ರೈವ್ ದೂರದಲ್ಲಿ ಅವರು ಸ್ಪರ್ಧಿಗಳಲ್ಲೇ ಕೊನೆಯವರ ಸಾಲಿನಲ್ಲಿದ್ದರು, ಆಟ ಎತ್ತಿದ್ದು ಪಟರ್. ಆ ಮಟ್ಟದ ಪಟಿಂಗ್ ಮಾತ್ರ ಅಪರೂಪ, ಅದನ್ನು ನೆಚ್ಚಿ ಯೋಜನೆ ಹಾಕಬೇಡಿ.

ಹೊಸಬರು ಆಟಕ್ಕೆ ಸಂಬಂಧವೇ ಇಲ್ಲದ ತಪ್ಪುಗಳಿಂದಲೂ ಕೆಡುತ್ತಾರೆ. ಬ್ಯಾಗಿನಲ್ಲಿ 14 ಕ್ಲಬ್ (ಹೊಡೆಯುವ ಕೋಲು) ಮೀರಿದರೆ ತಪ್ಪಾದ ಪ್ರತಿ ಹೋಲ್‌ಗೆ 2 ಹೊಡೆತ ದಂಡ, ಸುತ್ತಿಗೆ ಗರಿಷ್ಠ 4. ಟೀ ಸಮಯಕ್ಕೆ (ಮೊದಲ ಹೊಡೆತಕ್ಕೆ ಕೊಟ್ಟ ಸಮಯಕ್ಕೆ) ಐದು ನಿಮಿಷದೊಳಗೆ ತಡವಾದರೆ 2 ಹೊಡೆತ, ಅದಕ್ಕಿಂತ ಹೆಚ್ಚಾದರೆ ಅನರ್ಹ. ಸ್ಕೋರ್ ಕಾರ್ಡಿನಲ್ಲಿ ಯಾವುದೇ ಹೋಲ್‌ಗೆ ನಿಜಕ್ಕಿಂತ ಕಡಿಮೆ ಅಂಕ ಬರೆದು ಸಹಿ ಹಾಕಿದರೂ ಅನರ್ಹ. 2024ರಲ್ಲಿ ಅಮೆರಿಕದ ಹೆಸರಾಂತ ಆಟಗಾರ ಜೋರ್ಡನ್ ಸ್ಪೀತ್ ಅಂಥವನೇ ಜೆನೆಸಿಸ್ ಇನ್ವಿಟೇಷನಲ್ ಟೂರ್ನಿಯಲ್ಲಿ 4 ಆಡಿದ ಹೋಲ್‌ಗೆ 3 ಎಂದಿದ್ದ ಕಾರ್ಡಿಗೆ ಸಹಿ ಹಾಕಿ ಹೊರಬಿದ್ದ. ಪ್ರತಿ ಹೋಲ್ ಅಂಕವನ್ನು ಗಟ್ಟಿಯಾಗಿ ಹೇಳಿ ಮಾರ್ಕರ್ (ನಮ್ಮ ಅಂಕ ಬರೆಯುವ ಸಹ ಆಟಗಾರ) ಜೊತೆ ತಾಳೆ ನೋಡುವ ಅಭ್ಯಾಸ ಜೂನಿಯರ್ ಟೂರ್ನಿಯಲ್ಲೇ ಬರಲಿ.

ಈಗ ಮಾಡಬೇಕಾದದ್ದು: ಮುಂದಿನ 20 ಸ್ಪರ್ಧಾ ಸುತ್ತುಗಳನ್ನು, ಕೆಟ್ಟದ್ದನ್ನೂ ಸೇರಿಸಿ, ಒಂದು ಪುಸ್ತಕದಲ್ಲಿ ಬರೆಯಿರಿ. ಅರ್ಧವಾದರೂ ಬೇರೆ ಊರಿನ ಕೋರ್ಸ್‌ಗಳಾಗಿರಲಿ, ಹೋಲ್‌ನಿಂದ ಅತಿ ದೂರದ, ಹಿಂದಿನ ಟೀಯಿಂದಲೇ (ಆರಂಭದ ಜಾಗದಿಂದಲೇ) ಆಡಿದ್ದಾಗಿರಲಿ. ಇಪ್ಪತ್ತರ ಸರಾಸರಿ ಕೋರ್ಸ್ ರೇಟಿಂಗ್‌ಗಿಂತ ಕೆಳಗೆ ಬಂದರೆ, ಹ್ಯಾಂಡಿಕ್ಯಾಪ್ +3 (ಅಂದರೆ ಸೊನ್ನೆಗಿಂತಲೂ ಮೂರು ಉತ್ತಮ) ದಾಟಿದರೆ, ಕ್ಯೂ ಸ್ಕೂಲ್ ಅರ್ಜಿ ತುಂಬಿ. ಬರದಿದ್ದರೆ ಇನ್ನೊಂದು ವರ್ಷ ಅಮೆಚೂರ್ ಆಗಿಯೇ ಇರಲಿ. ಮುಂದೆ ಟೂರ್ ಕೈಹಿಡಿಯದಿದ್ದರೂ ನ್ಯಾಷನಲ್ ಗಾಲ್ಫ್ ಅಕಾಡೆಮಿ ಆಫ್ ಇಂಡಿಯಾದ ತರಬೇತುದಾರರ ಕೋರ್ಸ್ ಮಾಡಿಕೊಂಡು ಕ್ಲಬ್‌ನಲ್ಲಿ ಪಾಠ ಹೇಳಿ ಗೌರವದಿಂದ ದುಡಿಯುವವರು ಬೆಂಗಳೂರಲ್ಲಿ ಸಾಕಷ್ಟಿದ್ದಾರೆ. ಅದೂ ವೃತ್ತಿಪರ ಗಾಲ್ಫೇ, ಅಲ್ಲಿ ತಿಂಗಳ ಆದಾಯಕ್ಕೆ ಕಟ್ ಇಲ್ಲ.